ಓದಿದ ಕೂಲಿ, ಇಟ್ಟ ಹಣದ ಬಡ್ಡಿ

ಒಂದು ಬರಹ ಚೆನ್ನಾಗಿದೆ ಅಂತ ತೀರ್ಮಾನ ಮಾಡುವವರು ಯಾರು? ಆ ತೀರ್ಮಾನಕ್ಕೆ ದುಡ್ಡು ಕೊಡುವುದಾದರೆ ಯಾವ ಲೆಕ್ಕದಲ್ಲಿ ಕೊಡಬೇಕು? ಇವತ್ತು ಈ ಎರಡು ಪ್ರಶ್ನೆ ಹಿಡಿದು ಮಾತಾಡುತ್ತೇನೆ. ಉತ್ತರ ಹುಡುಕಲು ಹೋಗುವುದು ಬ್ಲಾಕ್‌ಚೈನ್‌ಗೆ, ಅಂದರೆ ಒಬ್ಬರ ಕೈಯಲ್ಲಿರದೆ ಹಲವು ಕಂಪ್ಯೂಟರ್‌ಗಳಲ್ಲಿ ಇರುವ, ಎಲ್ಲರೂ ನೋಡಬಹುದಾದ ಲೆಕ್ಕದ ಪುಸ್ತಕಕ್ಕೆ. ಬ್ಲಾಕ್‌ಚೈನ್ ಅಂದ ಕೂಡಲೇ ನಿಮ್ಮಲ್ಲಿ ಕೆಲವರಿಗೆ ಬಿಟ್‌ಕಾಯಿನ್ ಬೆಲೆ ನೆನಪಾಗುತ್ತದೆ. ಅದನ್ನು ಸ್ವಲ್ಪ ಹೊತ್ತು ಬದಿಗಿಡಿ. ನಾನು ಹೇಳಲು ಹೊರಟಿರುವುದು ಬರೆಯುವವರ ಮತ್ತು ಓದುವವರ ವಿಷಯ.

ಫೇಸ್‌ಬುಕ್‌ನಲ್ಲಿ ನೀವು ಬರೆಯುತ್ತೀರಿ, ನಿಮ್ಮ ಸ್ನೇಹಿತರು ಲೈಕ್ ಒತ್ತುತ್ತಾರೆ. ಆ ಬರಹ ಯಾರ ಕಣ್ಣಿಗೆ ಬೀಳಬೇಕು ಅಂತ ಕಂಪನಿ ನಿರ್ಧರಿಸುತ್ತದೆ. ಪಕ್ಕದಲ್ಲಿ ಬರುವ ಜಾಹೀರಾತಿನ ದುಡ್ಡೂ ಕಂಪನಿಗೇ. ನಮ್ಮಂಥ ಸಾಮಾನ್ಯ ಬರಹಗಾರರಿಗೂ ಇಲ್ಲ, ಒಳ್ಳೆಯದನ್ನು ಹುಡುಕಿ ನಾಲ್ಕು ಜನಕ್ಕೆ ತೋರಿಸಿದವರಿಗೂ ಇಲ್ಲ. ಇದು ಸರಿಯಲ್ಲ ಅಂತ ಅನ್ನಿಸಿದವರು ಬಹಳ ಜನ. ಅವರಲ್ಲಿ ಇಬ್ಬರು, ನೆಡ್ ಸ್ಕಾಟ್ ಮತ್ತು ಡ್ಯಾನ್ ಲಾರಿಮರ್, 2016ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ಸ್ಟೀಮ್ ಅನ್ನುವ ಬ್ಲಾಕ್‌ಚೈನ್ ಶುರು ಮಾಡಿದರು. ಅದರ ಮೇಲೆ ಕೂತ ತಾಣದ ಹೆಸರು ಸ್ಟೀಮಿಟ್. ಅದೇ ವರ್ಷ ಜುಲೈ 4ರಂದು ಬರೆದವರಿಗೆ, ವೋಟ್ ಹಾಕಿದವರಿಗೆ ಮೊದಲ ಸಲ ದುಡ್ಡು ಹಂಚಿಕೆಯಾಯಿತು.

ಇಂಥ ಪ್ರಯೋಗಗಳು ಆಮೇಲೆ ಬೇಕಾದಷ್ಟು ಬಂದಿವೆ. ನಾನು ಸ್ಟೀಮ್ ಮತ್ತು ಅದರಿಂದ ಹುಟ್ಟಿದ ಹೈವ್ ಎರಡನ್ನೇ ಆರಿಸಿಕೊಂಡಿದ್ದೇನೆ. ಕಾರಣ ಇಷ್ಟೇ. ಇಲ್ಲಿ ನಿಯಮಗಳನ್ನು ಮತ್ತೆ ಮತ್ತೆ ಬದಲಾಯಿಸಿದ್ದಾರೆ, ಪ್ರತಿ ಸಲ ಏನಾಯಿತು ಅನ್ನುವುದು ಬ್ಲಾಕ್‌ಚೈನ್‌ನಲ್ಲಿ ಎಲ್ಲರ ಕಣ್ಣೆದುರು ಇದೆ. ಯಾರು ಯಾವಾಗ ಯಾವುದಕ್ಕೆ ವೋಟ್ ಹಾಕಿದರು, ಎಷ್ಟು ಸಿಕ್ಕಿತು, ಎಲ್ಲವೂ. ಫೇಸ್‌ಬುಕ್‌ನ ಒಳಗೆ ನಾವು ಹೀಗೆ ಇಣುಕಿ ನೋಡಲು ಆಗುವುದಿಲ್ಲ, ಅಲ್ವಾ?

ಮೊದಲು ಯಂತ್ರ ಹೇಗೆ ಕೆಲಸ ಮಾಡುತ್ತದೆ ಅಂತ ಹೇಳಿಬಿಡುತ್ತೇನೆ. ಸ್ಟೀಮ್‌ನಲ್ಲಿ ಪ್ರತಿ ಮೂರು ಸೆಕೆಂಡಿಗೆ ಒಂದು ಬ್ಲಾಕ್, ಅಂದರೆ ಆ ಲೆಕ್ಕದ ಪುಸ್ತಕದ ಒಂದು ಹೊಸ ಪುಟ. ಪ್ರತಿ ಬ್ಲಾಕ್‌ನಲ್ಲೂ ಒಂದಿಷ್ಟು ಹೊಸ ಟೋಕನ್, ಅಂದರೆ ಆ ಜಾಲದ ಸ್ವಂತ ನಾಣ್ಯ, ಹುಟ್ಟುತ್ತದೆ. ಅದರಲ್ಲಿ ದೊಡ್ಡ ಪಾಲು ರಿವಾರ್ಡ್ ಪೂಲ್ ಅನ್ನುವ ಬಹುಮಾನದ ಹುಂಡಿಗೆ ಹೋಗುತ್ತದೆ. ನೀವು ಒಂದು ಬರಹ ಹಾಕುತ್ತೀರಿ. ಏಳು ದಿನ ಅದಕ್ಕೆ ವೋಟ್ ಬೀಳುತ್ತದೆ. ಏಳನೇ ದಿನ ಪೂಲ್‌ನಿಂದ ನಿಮ್ಮ ಪಾಲು ಬರುತ್ತದೆ. ಶುರುವಿನ ವರ್ಷಗಳಲ್ಲಿ ಮುಕ್ಕಾಲು ಭಾಗ ಬರೆದವರಿಗೆ, ಕಾಲು ಭಾಗ ವೋಟ್ ಹಾಕಿದವರಿಗೆ. ಹೀಗೆ ವೋಟ್ ಹಾಕಿ ಒಳ್ಳೆಯದನ್ನು ಮೇಲೆ ತರುವ ಕೆಲಸಕ್ಕೆ ಅಲ್ಲಿ ಕ್ಯುರೇಶನ್ ಅನ್ನುತ್ತಾರೆ.

ಎಲ್ಲರ ವೋಟಿಗೂ ಒಂದೇ ತೂಕ ಇಲ್ಲ. ನೀವು ಎಷ್ಟು ಟೋಕನ್ ಬೀಗ ಹಾಕಿ ಇಟ್ಟಿದ್ದೀರೋ ಅಷ್ಟು ತೂಕ. ಆ ಬೀಗ ತೆಗೆಯಲು ಮೊದಲು ಎರಡು ವರ್ಷ ಬೇಕಿತ್ತು. ಆಮೇಲೆ ಅದನ್ನು 13 ವಾರಕ್ಕೆ ಇಳಿಸಿದರು, ವಾರಕ್ಕೊಂದು ಕಂತು. ಇದರ ಹಿಂದೆ ಒಂದು ನಂಬಿಕೆ ಇತ್ತು. ಹಣ ಸಿಕ್ಕಿಹಾಕಿಕೊಂಡವನು ಜವಾಬ್ದಾರಿಯಿಂದ ವೋಟ್ ಹಾಕುತ್ತಾನೆ. ಕಸಕ್ಕೆ ವೋಟ್ ಹಾಕಿದರೆ ತಾಣ ಹಾಳಾಗುತ್ತದೆ, ಟೋಕನ್ ಬೆಲೆ ಬೀಳುತ್ತದೆ, ಅವನಿಗೇ ನಷ್ಟ. ಕೇಳಲು ಸರಿಯಾಗಿಯೇ ಇದೆ. ಇಡೀ ವ್ಯವಸ್ಥೆ ಈ ಒಂದು ನಂಬಿಕೆಯ ಮೇಲೆ ನಿಂತಿತ್ತು.

ಇನ್ನೊಂದು ಮಾತು ಇಲ್ಲೇ ಹೇಳಬೇಕು. ಈ ದುಡ್ಡು ಜಾಹೀರಾತಿನಿಂದ ಬಂದದ್ದಲ್ಲ. ಓದುಗರು ಚಂದಾ ಕೊಟ್ಟದ್ದೂ ಅಲ್ಲ. ಹೊಸದಾಗಿ ಹುಟ್ಟಿಸಿದ ಟೋಕನ್. ಹೊಸದು ಹುಟ್ಟಿದಷ್ಟೂ ಹಳೆಯದರ ಪಾಲು ಸ್ವಲ್ಪ ಸ್ವಲ್ಪ ತೆಳುವಾಗುತ್ತದೆ. ಅಂದರೆ ಯಾವುದೋ ಮೂಲೆಯಲ್ಲಿ ಒಂದು ಕೆಟ್ಟ ಬರಹಕ್ಕೆ 50 ಡಾಲರ್ ಹೋಯಿತು ಅಂದರೆ, ಅದು ಟೋಕನ್ ಇಟ್ಟುಕೊಂಡ ಪ್ರತಿಯೊಬ್ಬರ ಜೇಬಿನಿಂದ ಹೋಗಿದೆ. ಹಾಗಾಗಿ ಯಾರಿಗೆ ಎಷ್ಟು ಸಿಗುತ್ತದೆ ಅನ್ನುವುದು ಅಲ್ಲಿ ಯಾರ ಖಾಸಗಿ ವಿಷಯವೂ ಅಲ್ಲ.

ಈಗ ಲೆಕ್ಕಕ್ಕೆ ಬರೋಣ. ಗಣಿತ ಅಂತ ಗಾಬರಿ ಬೇಡ, ಗುಣಾಕಾರ ಬಂದರೆ ಸಾಕು.

ಶುರುವಿನಲ್ಲಿ ಒಂದು ಬರಹಕ್ಕೆ ಬಿದ್ದ ವೋಟುಗಳ ಒಟ್ಟು ತೂಕವನ್ನು ಅದರಿಂದಲೇ ಗುಣಿಸುತ್ತಿದ್ದರು. ಒಂದು ಬರಹಕ್ಕೆ 10 ತೂಕ ಬಿದ್ದಿದೆ, ಇನ್ನೊಂದಕ್ಕೆ 100 ಬಿದ್ದಿದೆ ಅಂದುಕೊಳ್ಳಿ. ಹತ್ತು ಪಟ್ಟು ವ್ಯತ್ಯಾಸ. ಗುಣಿಸಿದರೆ 100 ಮತ್ತು 10,000. ದುಡ್ಡಿನಲ್ಲಿ ನೂರು ಪಟ್ಟು ವ್ಯತ್ಯಾಸವಾಯಿತು. ಬಹಳ ಜನ ಒಪ್ಪಿದ್ದಕ್ಕೇ ದೊಡ್ಡ ಪಾಲು ಹೋಗಲಿ, ಒಬ್ಬನೇ ಕೂತು ತನಗೆ ತಾನೇ ವೋಟ್ ಹಾಕಿಕೊಂಡರೆ ಏನೂ ಸಿಗದಿರಲಿ ಅನ್ನುವುದು ಉದ್ದೇಶ. ಆದರೆ ತೂಕ ಇದ್ದದ್ದು ತಲೆಗಲ್ಲ, ಹಣಕ್ಕೆ. ಶುರುವಿನ ದಿನಗಳಲ್ಲಿ ಮೈನಿಂಗ್ ಮಾಡಿ, ಅಂದರೆ ಕಂಪ್ಯೂಟರ್ ಓಡಿಸಿ ಟೋಕನ್ ಗಳಿಸಿ, ಬಹುಪಾಲು ಟೋಕನ್ ಕಂಪನಿ ಮತ್ತು ಕೆಲವೇ ಜನರ ಕೈಗೆ ಸೇರಿತ್ತು. ಅಂಥ ದೊಡ್ಡ ಖಾತೆಗಳನ್ನು ಅಲ್ಲಿ ತಿಮಿಂಗಿಲ ಅನ್ನುತ್ತಾರೆ, ಸಣ್ಣವರನ್ನು ಮಿನ್ನೋ ಅಂತ ಸಣ್ಣ ಮೀನಿನ ಹೆಸರಿಂದ ಕರೆಯುತ್ತಾರೆ. ಒಂದು ತಿಮಿಂಗಿಲ ಬಂದು ವೋಟ್ ಒತ್ತಿದರೆ ಬರಹದ ಪಕ್ಕದ ಅಂಕಿ ನೂರಾರು ಡಾಲರ್‌ಗೆ ನೆಗೆಯುತ್ತಿತ್ತು. ಹತ್ತಾರು ಮಿನ್ನೋಗಳು ಮನಸಾರೆ ಮೆಚ್ಚಿ ವೋಟ್ ಹಾಕಿದರೆ ಒಂದು ಸೆಂಟ್ ಕೂಡ ಅಲುಗಾಡುತ್ತಿರಲಿಲ್ಲ.

2017ರ ಜೂನ್‌ನಲ್ಲಿ 19ನೇ ಹಾರ್ಡ್ ಫೋರ್ಕ್ ಬಂತು. ಹಾರ್ಡ್ ಫೋರ್ಕ್ ಅಂದರೆ ಇಡೀ ಜಾಲ ಒಂದೇ ಕ್ಷಣದಲ್ಲಿ ಹೊಸ ನಿಯಮಕ್ಕೆ ಹೊರಳುವುದು. ಗುಣಾಕಾರ ಹೋಯಿತು, ನೇರ ಲೆಕ್ಕ ಬಂತು. ಎರಡು ಪಟ್ಟು ತೂಕಕ್ಕೆ ಎರಡು ಪಟ್ಟು ದುಡ್ಡು. ಸಣ್ಣವರ ವೋಟಿಗೂ ಪರದೆಯ ಮೇಲೆ ಒಂದು ಬೆಲೆ ಕಾಣಿಸತೊಡಗಿತು. ಇದು ದೊಡ್ಡ ಹೆಜ್ಜೆ, ಖುಷಿ ಪಡುವಂಥದ್ದೇ. ಆದರೆ ಅದೇ ಬಾಗಿಲಿನಿಂದ ಇನ್ನೊಂದು ರೋಗ ಒಳಗೆ ಬಂತು. ನೇರ ಲೆಕ್ಕದಲ್ಲಿ ನಾನು ನಿಮ್ಮ ಬರಹಕ್ಕೆ ವೋಟ್ ಹಾಕಿದರೆ ನನಗೆ ಕಾಲು ಭಾಗದಲ್ಲಿ ಒಂದು ಚೂರು. ನನ್ನದೇ ಬರಹಕ್ಕೆ ಹಾಕಿಕೊಂಡರೆ ಹೆಚ್ಚುಕಡಿಮೆ ಪೂರ್ತಿ. ದಿನಕ್ಕೆ ಹತ್ತು ಪೂರ್ಣ ವೋಟ್ ಹಾಕುವಷ್ಟು ಶಕ್ತಿ ಇರುತ್ತದೆ. ಹತ್ತು ಕಾಮೆಂಟ್ ಬರೆದು ಹತ್ತಕ್ಕೂ ತಾನೇ ವೋಟ್ ಹಾಕಿಕೊಂಡರೆ ಮುಗಿಯಿತು. ಕಾಮೆಂಟಿನಲ್ಲಿ ಒಂದು ಪದ ಇದ್ದರೂ ಆಯಿತು.

ಆಗ ಕೆಲವರು ಕೇಳಿದರು, ಗುಣಾಕಾರದ ಬದಲು ಒಬ್ಬೊಬ್ಬರ ತೂಕದ ವರ್ಗಮೂಲ ತೆಗೆದರೆ? ಈ ವಿಚಾರವನ್ನು 2018ರಲ್ಲಿ ಎಥೀರಿಯಮ್ ಬ್ಲಾಕ್‌ಚೈನ್ ಕಟ್ಟಿದ ವಿಟಾಲಿಕ್ ಬ್ಯುಟೆರಿನ್, ಅರ್ಥಶಾಸ್ತ್ರಜ್ಞರಾದ ಝೋಯಿ ಹಿಟ್ಜಿಗ್, ಗ್ಲೆನ್ ವೈಲ್ ಮೂವರು ಕ್ವಾಡ್ರಾಟಿಕ್ ಫಂಡಿಂಗ್ ಅನ್ನುವ ರೂಪದಲ್ಲಿ ಬೆಳೆಸಿದರು. ಎಷ್ಟು ಹಣ ಬಂತು ಅನ್ನುವುದಕ್ಕಿಂತ ಎಷ್ಟು ಜನ ಕೊಟ್ಟರು ಅನ್ನುವುದಕ್ಕೆ ಜಾಸ್ತಿ ಬೆಲೆ. ಗಿಟ್‌ಕಾಯಿನ್ ಅನ್ನುವ ಸಂಸ್ಥೆ ಮುಕ್ತ ತಂತ್ರಾಂಶ ಬರೆಯುವವರಿಗೆ ಈ ರೀತಿ ದುಡ್ಡು ಹಂಚಿದೆ. ನನಗೆ ಈ ವಿಚಾರದ ಮೇಲೆ ಬಹಳ ಗೌರವ ಇದೆ. ಆದರೆ ಒಂದು ಲೆಕ್ಕ ನೋಡಿ. ನನ್ನ ಹತ್ತಿರ 10,000 ತೂಕ ಇದೆ. ವರ್ಗಮೂಲ 100. ಅದನ್ನೇ ನಾನು ನೂರು ಖಾತೆಗೆ ಹಂಚಿದರೆ ಒಂದೊಂದರಲ್ಲಿ 100. ಒಂದೊಂದರ ವರ್ಗಮೂಲ 10. ನೂರು ಖಾತೆ ಸೇರಿ 1,000. ಸುಮ್ನೆ ಖಾತೆ ತೆರೆದಿದ್ದಕ್ಕೆ ನನ್ನ ಬಲ ಹತ್ತು ಪಟ್ಟಾಯಿತು. ಗಿಟ್‌ಕಾಯಿನ್ ಕೂಡ ಇದೇ ನಕಲಿ ಖಾತೆಗಳ ಜೊತೆ ವರ್ಷಗಟ್ಟಲೆ ಗುದ್ದಾಡಬೇಕಾಯಿತು.

ಇಲ್ಲಿ ಒಂದು ಬಿಗಿಯಾದ ಗಂಟಿದೆ. ಯಾರು ಒಬ್ಬರು, ಯಾರು ನೂರು ಅಂತ ಗೊತ್ತಿಲ್ಲದ ಜಾಗದಲ್ಲಿ ಸಣ್ಣವರಿಗೆ ಜಾಸ್ತಿ ತೂಕ ಕೊಟ್ಟರೆ ದೊಡ್ಡವರು ಸಣ್ಣವರ ವೇಷ ಹಾಕುತ್ತಾರೆ. ದೊಡ್ಡವರಿಗೆ ಜಾಸ್ತಿ ಕೊಟ್ಟರೆ ಎಲ್ಲರೂ ದೊಡ್ಡವರ ಹಿಂದೆ ಗುಂಪುಗಟ್ಟುತ್ತಾರೆ. ನೇರ ಲೆಕ್ಕ ಇಟ್ಟರೆ ಯಾರೂ ವೇಷ ಹಾಕಬೇಕಿಲ್ಲ, ಆದರೆ ಪಕ್ಕದವನ ಬರಹ ಓದಲೂ ಬೇಕಿಲ್ಲ.

ನಮ್ಮ ದೇಶದಲ್ಲಿ ಈ ಮಾತು ಬಂದಾಗಲೆಲ್ಲ ಒಬ್ಬರಾದರೂ ಕೇಳುತ್ತಾರೆ, ಆಧಾರ್ ಜೋಡಿಸಿದರೆ ಆಯ್ತಲ್ಲ ಅಂತ. ಒಬ್ಬ ಮನುಷ್ಯ, ಒಂದು ಖಾತೆ. ಲೆಕ್ಕಕ್ಕೆ ಸರಿ. ಆದರೆ ಇಂಥ ಜಾಗಕ್ಕೆ ಬಂದು ಬರೆಯುವವರಲ್ಲಿ ಒಂದು ಪಾಲು ಜನ ಹೆಸರು ಮುಚ್ಚಿಟ್ಟು ಬರೆಯಬೇಕಾದವರು. ಮನೆಯೊಳಗಿನ ಹಿಂಸೆಯ ಬಗ್ಗೆ, ಜಾತಿಯ ಅವಮಾನದ ಬಗ್ಗೆ, ತಮ್ಮ ಸರ್ಕಾರದ ಬಗ್ಗೆ ಬರೆಯುವವರು. ಬ್ಲಾಕ್‌ಚೈನ್‌ನಲ್ಲಿ ಬರೆದದ್ದು ಅಳಿಸುವುದಿಲ್ಲ. ತಿದ್ದಿದರೂ ಹಳೆಯದು ಚರಿತ್ರೆಯಲ್ಲಿ ಉಳಿಯುತ್ತದೆ. ಅಳಿಸಲಾಗದ ಜಾಗದಲ್ಲಿ ಗುರುತಿನ ಚೀಟಿ ತೋರಿಸಿ ಬರೆಯಿರಿ ಅನ್ನುವುದನ್ನು ನಾನು ಒಪ್ಪಲಾರೆ. ದುಡ್ಡು ಸರಿಯಾಗಿ ಹಂಚಲು ಅವರ ರಕ್ಷಣೆಯನ್ನು ಬಲಿ ಕೊಡಬಾರದು.

ಸರಿ, ವೋಟ್ ಹಾಕುವವರ ಕಡೆಗೆ ಬರೋಣ. ನಿಯಮ ಮಾಡಿದವರಿಗೆ ಒಂದು ಭಯ ಇತ್ತು. ಹೆಸರಾಂತ ಲೇಖಕರ ಬರಹ ಬಂದ ಸೆಕೆಂಡಿನಲ್ಲೇ ಯಂತ್ರಗಳು ವೋಟ್ ಒತ್ತಿದರೆ? ಆಗ ಮೊದಲು ವೋಟ್ ಹಾಕಿದವರಿಗೆ ಕ್ಯುರೇಶನ್‌ನಲ್ಲಿ ಜಾಸ್ತಿ ಪಾಲು ಸಿಗುತ್ತಿತ್ತು, ಇನ್ನೂ ಯಾರೂ ಕಂಡುಹಿಡಿಯದ ಬರಹವನ್ನು ಮೊದಲು ಗುರುತಿಸಿದ್ದಕ್ಕೆ ಬಹುಮಾನ ಅಂತ. ಅದಕ್ಕೆ ತಡೆಯಾಗಿ ಮೊದಲ 30 ನಿಮಿಷಕ್ಕೆ ಒಂದು ದಂಡ ಇಟ್ಟರು. ಬರಹ ಬಂದ ಕ್ಷಣವೇ ವೋಟ್ ಹಾಕಿದರೆ ನಿಮ್ಮ ಪಾಲು ಪೂರ್ತಿ ಹೋಗುತ್ತದೆ. 15ನೇ ನಿಮಿಷಕ್ಕೆ ಹಾಕಿದರೆ ಅರ್ಧ. 30 ದಾಟಿದ ಮೇಲೆ ದಂಡ ಇಲ್ಲ. ಮನುಷ್ಯರಿಗೆ ಓದಲು ಅರ್ಧ ಗಂಟೆ ಸಿಗಲಿ ಅನ್ನುವ ಒಳ್ಳೆಯ ಯೋಚನೆ.

ಏನಾಯಿತು ಗೊತ್ತಾ? ಯಂತ್ರಗಳು ಕಾದವು. ಕಾಯುವುದರಲ್ಲಿ ಯಂತ್ರವನ್ನು ಯಾರು ಮೀರಿಸುತ್ತಾರೆ? ಪ್ರತಿಯೊಬ್ಬ ಲೇಖಕನಿಗೆ ಎಷ್ಟನೇ ನಿಮಿಷಕ್ಕೆ ವೋಟ್ ಹಾಕಿದರೆ ಲಾಭ ಅಂತ ಲೆಕ್ಕ ಹಾಕಿ, ಸ್ವಲ್ಪ ದಂಡ ಕಟ್ಟಿದರೂ ಬೇರೆಯವರಿಗಿಂತ ಮುಂದೆ ಇರುವಂತೆ 24ಕ್ಕೋ 27ಕ್ಕೋ ಒತ್ತುತ್ತಿದ್ದವು. ಆಮೇಲೆ 30 ನಿಮಿಷವನ್ನು 15 ಮಾಡಿದರು, ಆಮೇಲೆ 5 ಮಾಡಿದರು. ಹಗಲೆಲ್ಲ ದುಡಿದು ಸಂಜೆ ಕೂತು ನಿಧಾನವಾಗಿ ಓದಿ ವೋಟ್ ಹಾಕುವವರಿಗೆ ಉಳಿದದ್ದು ತಳದ ಚೂರು. ಬರಹವನ್ನು ಓದಿಲ್ಲದವರಿಗೆ ಓದಿದವರಿಗಿಂತ ಜಾಸ್ತಿ ಕೂಲಿ.

ಬಿಡ್ ಬಾಟ್ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ನನ್ನ ಪ್ರಕಾರ ಸ್ಟೀಮ್‌ನ ಕ್ಯುರೇಶನ್ ಮುರಿದುಬಿದ್ದದ್ದು ಇಲ್ಲೇ. ಒಂದು ಪೂರ್ಣ ವೋಟ್ ಹಾಕಿದರೆ ನಿಮ್ಮ ಶಕ್ತಿಯಲ್ಲಿ 2 ಪ್ರತಿಶತ ಖರ್ಚಾಗುತ್ತದೆ. ದಿನಕ್ಕೆ 20 ಪ್ರತಿಶತ ವಾಪಸ್ ತುಂಬುತ್ತದೆ. ಲೆಕ್ಕ ಹಾಕಿದರೆ 2 ಗಂಟೆ 24 ನಿಮಿಷಕ್ಕೆ ಒಂದು ಪೂರ್ಣ ವೋಟ್. ಬಿಡ್ ಬಾಟ್ ಅಂದರೆ ಆ ಒಂದು ವೋಟನ್ನು ಮನುಷ್ಯರಿಲ್ಲದೆ ಪ್ರೋಗ್ರಾಂ ಮೂಲಕ ಹರಾಜು ಹಾಕುವ ಖಾತೆ. ಪ್ರತಿ 2 ಗಂಟೆ 24 ನಿಮಿಷದ ಸುತ್ತಿನಲ್ಲಿ ಯಾರು ಎಷ್ಟು ದುಡ್ಡು ಕಳಿಸಿದರೋ ಆ ಪ್ರಮಾಣದಲ್ಲಿ ವೋಟ್ ಹಂಚುತ್ತದೆ. ದುಡ್ಡಿನ ಜೊತೆ ನಿಮ್ಮ ಬರಹದ ಕೊಂಡಿ ಕಳಿಸಿದರೆ ಆಯಿತು.

ನೀವು 10 ಡಾಲರ್ ಕಳಿಸಿದಿರಿ, 14 ಡಾಲರ್ ಬೆಲೆಯ ವೋಟ್ ಬಂತು ಅಂದುಕೊಳ್ಳಿ. ಅದರ ಮುಕ್ಕಾಲು ಪಾಲು ನಿಮ್ಮದು, ಹತ್ತೂವರೆ ಡಾಲರ್. ಅರ್ಧ ಡಾಲರ್ ಲಾಭ, ಜೊತೆಗೆ ನಿಮ್ಮ ಬರಹ ಟ್ರೆಂಡಿಂಗ್ ಪುಟದಲ್ಲಿ. ಬಾಟ್ ನಡೆಸುವವರಿಗೆ ನಿಮ್ಮ 10 ಡಾಲರ್ ಮತ್ತು ಕ್ಯುರೇಶನ್ ಪಾಲು. ಆ ಬಾಟ್‌ಗೆ ತಮ್ಮ ತೂಕವನ್ನು ಸಾಲ ಕೊಟ್ಟವರಿದ್ದಾರೆ, ಡೆಲಿಗೇಶನ್ ಅನ್ನುತ್ತಾರೆ ಅದಕ್ಕೆ. ಅವರಿಗೆ ದಿನಾ ಬಡ್ಡಿ. ನೋಡಿ, ಬರೆದವನಿಗೆ ಲಾಭ, ಬಾಟ್‌ಗೆ ಲಾಭ, ಹಣ ಇಟ್ಟವನಿಗೆ ಲಾಭ. ಯಾರಿಗೂ ನಷ್ಟವೇ ಇಲ್ಲವಲ್ಲ ಅನ್ನಿಸುತ್ತದೆ. ನಷ್ಟ ಪೂಲ್‌ಗೆ. ಆ ದಿನ ಯಾರೂ ವೋಟ್ ಮಾರದೆ ಓದಿ ಮೆಚ್ಚಿದ ಬರಹಗಳಿಗೆ ಸಿಗಬೇಕಾದ ಪಾಲು ಅಷ್ಟು ಕಡಿಮೆಯಾಯಿತು.

2017ರ ಕೊನೆಯಲ್ಲಿ ಇದಕ್ಕೆ ಇನ್ನೊಂದು ಕಿಚ್ಚು ಸೇರಿತು. ಲೇಖಕರಿಗೆ ಸಿಗುವ ದುಡ್ಡಿನಲ್ಲಿ ಒಂದು ಭಾಗ ಸ್ಟೀಮ್ ಡಾಲರ್ ಅನ್ನುವ ಟೋಕನ್. ಅದರ ಬೆಲೆ ಒಂದು ಅಮೆರಿಕನ್ ಡಾಲರ್ ಹತ್ತಿರ ಇರಬೇಕಿತ್ತು. ಡಿಸೆಂಬರ್‌ನಲ್ಲಿ ಅದು 10 ಡಾಲರ್ ದಾಟಿತು. ಪರದೆಯಲ್ಲಿ ಕಾಣುವ ಅಂಕಿಗಿಂತ ಕೈಗೆ ಬರುವುದು ಎಷ್ಟೋ ಜಾಸ್ತಿ. ಒಂದು ಚಿತ್ರ, ಎರಡು ಸಾಲು ಬರೆದು ವೋಟ್ ಕೊಂಡವರಿಗೂ ಸಂಪಾದನೆ. ಟ್ರೆಂಡಿಂಗ್ ಪುಟಕ್ಕೆ ಹೊಸಬರು ಬಂದು ನೋಡಿದರೆ ಅಲ್ಲಿ ಕಾಣುತ್ತಿದ್ದದ್ದು ಯಾವುದು ಚೆನ್ನಾಗಿದೆ ಅನ್ನುವುದಲ್ಲ, ಯಾರು ಎಷ್ಟು ಕಟ್ಟಿದ್ದಾರೆ ಅನ್ನುವುದು. ಮುಂದೆ ಬೆಲೆ ಕುಸಿಯಿತು. 2018ರ ನವೆಂಬರ್‌ನಲ್ಲಿ ಸ್ಟೀಮಿಟ್ ಕಂಪನಿ ತನ್ನ ಸಿಬ್ಬಂದಿಯಲ್ಲಿ ಸುಮಾರು 70 ಪ್ರತಿಶತ ಜನರನ್ನು ಕೆಲಸದಿಂದ ತೆಗೆಯಿತು.

ಇದನ್ನೆಲ್ಲ ತಡೆಯಲು ಏನೂ ಇರಲಿಲ್ಲವೇ ಅಂತ ನೀವು ಕೇಳಬಹುದು. ಇತ್ತು, ಡೌನ್‌ವೋಟ್, ಅಂದರೆ ಬರಹದ ದುಡ್ಡು ಇಳಿಸುವ ವೋಟ್. ಸ್ಟೀಮ್‌ನ ವೈಟ್ ಪೇಪರ್‌ನಲ್ಲಿ, ಅಂದರೆ ವ್ಯವಸ್ಥೆಯನ್ನು ವಿವರಿಸುವ ಅದರ ಮೂಲ ದಾಖಲೆಯಲ್ಲಿ, ಇದಕ್ಕೆ ಒಂದು ಕಥೆ ಇದೆ, ನಮಗೆಲ್ಲ ಚೆನ್ನಾಗಿ ಗೊತ್ತಿರುವ ಏಡಿ ಬಕೆಟ್ಟಿನ ಕಥೆ. ಒಂದೇ ಏಡಿ ಇದ್ದರೆ ಹತ್ತಿ ತಪ್ಪಿಸಿಕೊಳ್ಳುತ್ತದೆ, ತುಂಬಾ ಇದ್ದರೆ ಒಂದನ್ನೊಂದು ಕೆಳಗೆಳೆಯುತ್ತವೆ. ನಾವು ಅದನ್ನು ಹೊಟ್ಟೆಕಿಚ್ಚಿನ ಕಥೆಯಾಗಿ ಹೇಳುತ್ತೇವೆ. ಅವರು ತಿರುಗಿಸಿ ಹೇಳಿದರು. ಯಾರಾದರೂ ಎಲ್ಲರ ಪಾಲನ್ನು ಬಾಚಿಕೊಂಡು ಹತ್ತಲು ಹೊರಟರೆ ಉಳಿದವರು ಕೆಳಗೆಳೆಯಲಿ, ಅದೇ ವ್ಯವಸ್ಥೆಯ ಕಾವಲು ಅಂತ.

ಆದರೆ ಏಡಿ ಎಳೆಯಲು ಖರ್ಚಿಲ್ಲ. ಸ್ಟೀಮ್‌ನಲ್ಲಿ ಡೌನ್‌ವೋಟ್‌ಗೆ ಖರ್ಚಿತ್ತು. ಅಪ್‌ವೋಟ್‌ಗೆ ಬಳಸುವ ಶಕ್ತಿಯನ್ನೇ ಅದಕ್ಕೂ ಬಳಸಬೇಕಿತ್ತು. ಅಪ್‌ವೋಟ್ ಹಾಕಿದರೆ ಕ್ಯುರೇಶನ್ ದುಡ್ಡು ಬರುತ್ತದೆ, ಡೌನ್‌ವೋಟ್ ಹಾಕಿದರೆ ಏನೂ ಬರುವುದಿಲ್ಲ. ಉಳಿಸಿದ ದುಡ್ಡು ಪೂಲ್‌ಗೆ ವಾಪಸ್ ಹೋಗಿ ಎಲ್ಲರಿಗೂ ಹಂಚಿಹೋಗುತ್ತದೆ. ಒಳ್ಳೆಯದಾಗುವುದು ಊರಿಗೆ, ಕೈ ಖಾಲಿಯಾಗುವುದು ನಿಮ್ಮದು. ಮೇಲಾಗಿ, ನೀವು ಯಾರ ಕಸಕ್ಕೆ ಡೌನ್‌ವೋಟ್ ಹಾಕಿದಿರೋ ಅವರು ದೊಡ್ಡ ಖಾತೆಯವರಾದರೆ ನಿಮ್ಮ ಮುಂದಿನ ಬರಹಗಳನ್ನೆಲ್ಲ ಸೊನ್ನೆ ಮಾಡಿಬಿಡಬಹುದು. ಬೇರೆಯವರ ಬರಹ ಕದ್ದು ಹಾಕುವವರನ್ನು ಹಿಡಿಯಲು ಚೀತಾ ಅನ್ನುವ ಬಾಟ್, ಸ್ಟೀಮ್‌ಕ್ಲೀನರ್ಸ್ ಅನ್ನುವ ತಂಡ ಎರಡೂ ದುಡಿದವು. ಅವರ ಕೆಲಸಕ್ಕೆ ನಾನು ಕೈ ಮುಗಿಯುತ್ತೇನೆ. ದಿನಾ ಬೈಗುಳ ತಿಂದು ಮಾಡುವ ಕೆಲಸ ಅದು.

2019ರ ಆಗಸ್ಟ್‌ನಲ್ಲಿ 21ನೇ ಹಾರ್ಡ್ ಫೋರ್ಕ್ ಬಂತು. ಮೂರು ಬದಲಾವಣೆ ಒಟ್ಟಿಗೆ ಮಾಡಿದರು. ಬರೆದವರಿಗೆ ಮತ್ತು ವೋಟ್ ಹಾಕಿದವರಿಗೆ ಅರ್ಧ ಅರ್ಧ. ಅಪ್‌ವೋಟ್ ಶಕ್ತಿಯ ಕಾಲು ಭಾಗದಷ್ಟು ಡೌನ್‌ವೋಟ್ ಉಚಿತ. ತೀರಾ ಕಡಿಮೆ ವೋಟ್ ಬಿದ್ದ ಬರಹಗಳಿಗೆ ಲೆಕ್ಕದಲ್ಲಿ ಸ್ವಲ್ಪ ಕಡಿತ, ಮೂಲೆಯಲ್ಲಿ ಕೂತು ಕಾಮೆಂಟಿಗೆ ಸ್ವಂತ ವೋಟ್ ಹಾಕಿಕೊಳ್ಳುವವರನ್ನು ತಡೆಯಲು.

ಬರೆದವರು ಬಹಳ ಸಿಟ್ಟಾದರು. ಸಿಟ್ಟಾಗುವುದು ಸಹಜ, ಮುಕ್ಕಾಲು ಇದ್ದದ್ದು ಅರ್ಧವಾಯಿತು. ಆದರೆ ಬಿಡ್ ಬಾಟ್‌ಗಳಲ್ಲಿ ಹಲವು ಮುಚ್ಚಿದವು, ಕೆಲವು ವೋಟ್ ಮಾರುವುದು ಬಿಟ್ಟು ಓದಿ ಆರಿಸುವ ಕೆಲಸಕ್ಕೆ ಬಂದವು. ಕಾರಣ ಸರಳ. ಕೊಂಡ ವೋಟಿನಲ್ಲಿ ಅರ್ಧವೇ ಕೈಗೆ ಬಂದರೆ ಕೊಳ್ಳುವವನಿಗೆ ಲಾಭ ಕಷ್ಟ. ಕೊಂಡ ವೋಟಿನ ಮೇಲೆ ಉಚಿತ ಡೌನ್‌ವೋಟ್ ಬಿದ್ದರೆ ಅಸಲೂ ಹೋಗುತ್ತದೆ. ಮೂರನೇ ಬದಲಾವಣೆಯನ್ನು ಮಾತ್ರ ನಾನು ಮೆಚ್ಚುವುದಿಲ್ಲ. ಕಳ್ಳನಿಗೆ ಹಾಕಿದ ಬಲೆಯಲ್ಲಿ ಹೊಸ ಲೇಖಕರೇ ಜಾಸ್ತಿ ಸಿಕ್ಕಿಬಿದ್ದರು. ಹೊಸಬರ ಬರಹಕ್ಕೇ ಅಲ್ವಾ ಕಡಿಮೆ ವೋಟ್ ಬೀಳುವುದು?

ಇಷ್ಟರಲ್ಲಿ 2020 ಬಂತು. ಫೆಬ್ರವರಿ 14ರಂದು ಸ್ಟೀಮಿಟ್ ಕಂಪನಿಯನ್ನು ಟ್ರಾನ್ ಬ್ಲಾಕ್‌ಚೈನ್‌ನ ಜಸ್ಟಿನ್ ಸನ್ ಕೊಂಡುಕೊಂಡ ಸುದ್ದಿ ಹೊರಬಿತ್ತು. ಕಂಪನಿ ಜೊತೆ ಶುರುವಿನಲ್ಲಿ ಮೈನ್ ಮಾಡಿದ ಆ ದೊಡ್ಡ ಟೋಕನ್ ರಾಶಿಯೂ ಹೋಯಿತು. ಸ್ಟೀಮ್‌ನಲ್ಲಿ ಜಾಲ ನಡೆಸುವವರನ್ನು ವಿಟ್ನೆಸ್ ಅನ್ನುತ್ತಾರೆ. ಮೇಲಿನ 20 ಜನ ಯಾರು ಅಂತ ನಿರ್ಧರಿಸುವುದೂ ಟೋಕನ್ ತೂಕದ ವೋಟೇ. ಆ ರಾಶಿಯಿಂದ ವೋಟ್ ಬಿದ್ದರೆ ಜಾಲವೇ ಕೈತಪ್ಪುತ್ತದೆ ಅಂತ ಹೆದರಿ, ಫೆಬ್ರವರಿ ಮುಗಿಯುವ ಮೊದಲೇ ಆಗಿನ ವಿಟ್ನೆಸ್‌ಗಳು ಅದನ್ನು ತಾತ್ಕಾಲಿಕವಾಗಿ ತಡೆಹಿಡಿದರು. ಮಾರ್ಚ್ 2ರಂದು ತಿರುಗೇಟು ಬಂತು. ಬೈನಾನ್ಸ್, ಹುವೋಬಿ, ಪೊಲೊನಿಯೆಕ್ಸ್, ಟೋಕನ್ ಕೊಂಡು ಮಾರುವ ಈ ಮೂರು ಎಕ್ಸ್‌ಚೇಂಜ್‌ಗಳಲ್ಲಿ ಗ್ರಾಹಕರು ಇಟ್ಟಿದ್ದ ಸ್ಟೀಮ್ ಟೋಕನ್ ವೋಟಾಗಿ ಬಿತ್ತು. ಕೆಲವೇ ಗಂಟೆಗಳಲ್ಲಿ ಮೇಲಿನ 20 ಜನ ಬದಲಾದರು. ಆ ಟೋಕನ್‌ಗಳ ಒಡೆಯರನ್ನು ಯಾರೂ ಕೇಳಿರಲಿಲ್ಲ.

ಒಂದು ಮಾತು ನೆನಪಾಯಿತು. ಅದೇ ವಾರ, ಮಾರ್ಚ್ 4ರಂದು, ನಮ್ಮ ಸುಪ್ರೀಂ ಕೋರ್ಟ್ ರಿಸರ್ವ್ ಬ್ಯಾಂಕಿನ 2018ರ ಕ್ರಿಪ್ಟೋ ಸುತ್ತೋಲೆಯನ್ನು ರದ್ದು ಮಾಡಿತು. ಕ್ರಿಪ್ಟೋ ಕಂಪನಿಗಳಿಗೆ ಬ್ಯಾಂಕ್ ಸೇವೆ ಕೊಡಬಾರದು ಅನ್ನುವ ಸುತ್ತೋಲೆ ಅದು. ಇಲ್ಲಿ ಬಾಗಿಲು ತೆರೆಯಿತು ಅಂತ ಸಂಭ್ರಮ. ಎಕ್ಸ್‌ಚೇಂಜಿನಲ್ಲಿಟ್ಟ ಟೋಕನ್‌ನಿಂದ ಯಾರು ಯಾವ ವೋಟ್ ಹಾಕಬಹುದು ಅನ್ನುವ ಪ್ರಶ್ನೆ ಅದೇ ವಾರ ಪ್ರಪಂಚದ ಇನ್ನೊಂದು ಕಡೆ ಸುಡುತ್ತಿತ್ತು.

ಬೈನಾನ್ಸ್ ಮತ್ತು ಹುವೋಬಿ ಆಮೇಲೆ ತಮ್ಮ ವೋಟ್ ಹಿಂತೆಗೆದುಕೊಂಡವು. ಆದರೂ ಸಮುದಾಯ ಅಲ್ಲಿ ನಿಲ್ಲಲಿಲ್ಲ. ಮಾರ್ಚ್ 20ರಂದು ಇಡೀ ಸ್ಟೀಮ್‌ನ ಒಂದು ಪ್ರತಿ ಮಾಡಿ ಹೈವ್ ಅನ್ನುವ ಹೆಸರಿನಲ್ಲಿ ಕವಲು ತೆಗೆದರು. ಬರಹಗಳು, ಖಾತೆಗಳು, ಟೋಕನ್‌ಗಳು ಎಲ್ಲ ಅಲ್ಲಿಯೂ ಬಂದವು, ಕಂಪನಿಯ ಆ ರಾಶಿ ಒಂದನ್ನು ಬಿಟ್ಟು. ಸನ್ ಕಡೆಯ ವಿಟ್ನೆಸ್‌ಗಳಿಗೆ ವೋಟ್ ಹಾಕಿದ್ದ ಕೆಲವು ಖಾತೆಗಳಿಗೂ ಮೊದಲು ಟೋಕನ್ ಸಿಗಲಿಲ್ಲ. ಹೈವ್ ಮೇಲೆ ನನಗೆ ಪ್ರೀತಿ ಇದ್ದರೂ ಇದನ್ನು ಹೇಳದೆ ಬಿಡಲಾರೆ. ಇತ್ತ ಸ್ಟೀಮ್‌ನಲ್ಲಿ ಮೇ 20ರಂದು ಇನ್ನೊಂದು ಹಾರ್ಡ್ ಫೋರ್ಕ್ ಮಾಡಿ, ವಿರೋಧಿಸಿದ ಖಾತೆಗಳಿಂದ 2 ಕೋಟಿ 36 ಲಕ್ಷ ಸ್ಟೀಮ್ ಟೋಕನ್‌ಗಳನ್ನು ಕಿತ್ತುಕೊಂಡರು.

ಇದಕ್ಕೂ ಒಳ್ಳೆಯ ಬರಹಕ್ಕೆ ದುಡ್ಡು ಹಂಚುವುದಕ್ಕೂ ಏನು ಸಂಬಂಧ? ಒಂದೇ ಕೀಲಿಯಿಂದ ಎರಡು ಬೀಗ ತೆಗೆಯುವ ವ್ಯವಸ್ಥೆ ಅದು. ಕವಿತೆ ಚೆನ್ನಾಗಿದೆಯೇ ಅನ್ನುವುದಕ್ಕೂ ಟೋಕನ್ ತೂಕವೇ, ಜಾಲದ ಒಡೆತನಕ್ಕೂ ಟೋಕನ್ ತೂಕವೇ. ಹಣ ಇಟ್ಟವನು ಜವಾಬ್ದಾರಿಯಿಂದ ವೋಟ್ ಹಾಕುತ್ತಾನೆ ಅನ್ನುವ ನಂಬಿಕೆ ಬಿಡ್ ಬಾಟ್‌ನಲ್ಲಿ ಒಮ್ಮೆ, ಮಾರ್ಚ್ 2ರಂದು ಇನ್ನೊಮ್ಮೆ ಸೋತಿತು. ಎರಡು ಕಡೆಯೂ ವೋಟ್ ಹಾಕಿದ್ದು ಬೇರೆಯವರ ಟೋಕನ್.

ಹೈವ್ 2021ರ ಜೂನ್ ಕೊನೆಯಲ್ಲಿ ಒಂದು ಒಳ್ಳೆಯ ಕೆಲಸ ಮಾಡಿತು. ಮೊದಲು ಬಂದವರಿಗೆ ಜಾಸ್ತಿ ಅನ್ನುವುದನ್ನೇ ತೆಗೆದುಹಾಕಿತು. ಬರಹ ಬಂದ ಮೊದಲ 24 ಗಂಟೆಯಲ್ಲಿ ಯಾವಾಗ ವೋಟ್ ಹಾಕಿದರೂ ಕ್ಯುರೇಶನ್ ಪಾಲು ಒಂದೇ ಲೆಕ್ಕ. ನಿಮಿಷ ಎಣಿಸುವ ಯಂತ್ರಕ್ಕೆ ಲಾಭ ಇಲ್ಲ. ಸಂಜೆ ಮನೆಗೆ ಬಂದು ಓದುವವರಿಗೆ ನಷ್ಟ ಇಲ್ಲ. ಇಷ್ಟು ಸರಳ ನಿಯಮಕ್ಕೆ ಬರಲು ಐದು ವರ್ಷ ಬೇಕಾಯಿತು.

ಆದರೆ ಓದದೆ ವೋಟ್ ಹಾಕುವವರಿಗೂ ಅಷ್ಟೇ ಸಿಗುತ್ತದೆ. ಇದು ಇನ್ನೂ ಬಗೆಹರಿದಿಲ್ಲ. ಹಣ ಇಟ್ಟದ್ದಕ್ಕೆ ಸಿಗುವುದು ಬಡ್ಡಿ. ಓದಿ, ತೂಗಿ, ಆರಿಸಿದ್ದಕ್ಕೆ ಸಿಗಬೇಕಾದ್ದು ಕೂಲಿ. ಈ ಎರಡನ್ನೂ ಒಂದೇ ಲೆಕ್ಕದಲ್ಲಿ ಹಾಕಿ ಒಂದೇ ಹೆಸರಿಟ್ಟದ್ದೇ ಮೂಲ ತೊಂದರೆ ಅಂತ ನಾನು ನಂಬುತ್ತೇನೆ. ಯಾವ ಸೂತ್ರವೂ ನೀವು ಓದಿದಿರಾ ಇಲ್ಲವಾ ಅಂತ ಅಳೆಯಲಾರದು.

ಹಾಗಾದರೆ ಕೂಲಿಯನ್ನು ಬೇರೆ ಮಾಡಿದವರು ಇದ್ದಾರಾ? ಇದ್ದಾರೆ. ಸೂತ್ರ ಬರೆದವರಲ್ಲ, ಅಲ್ಲಿನ ಜನ. 2016ರಲ್ಲೇ ಕ್ಯೂರಿ ಅನ್ನುವ ಗುಂಪು ಹುಟ್ಟಿತು. ಅದರ ಕೆಲಸ ನೋಡಿ. ಹುಡುಕುವವರು ದಿನಾ ಹೊಸ ಬರಹಗಳ ಪಟ್ಟಿಯನ್ನು ಜಾಲಾಡುತ್ತಿದ್ದರು. ಇನ್ನೂ ಹೆಸರು ಮಾಡದ ಲೇಖಕರ, ವೋಟ್ ಬೀಳದೆ ಉಳಿದ ಒಳ್ಳೆಯ ಬರಹ ಸಿಕ್ಕರೆ ಕಳಿಸುತ್ತಿದ್ದರು. ಇನ್ನೊಂದು ತಂಡ ಅದನ್ನು ಓದುತ್ತಿತ್ತು, ಕದ್ದದ್ದಲ್ಲ ಅಂತ ಪರೀಕ್ಷಿಸುತ್ತಿತ್ತು. ಒಪ್ಪಿದರೆ ದೊಡ್ಡ ತೂಕದ ವೋಟ್ ಬೀಳುತ್ತಿತ್ತು. ಹುಡುಕಿದವರಿಗೆ ಪ್ರತಿ ಬರಹಕ್ಕೆ ಇಷ್ಟು ಅಂತ ಶುಲ್ಕ. ಹುಡುಕುವವರ ಖಾತೆಯಲ್ಲಿ ಟೋಕನ್ ಇಲ್ಲದಿದ್ದರೂ ಪರವಾಗಿರಲಿಲ್ಲ. ಅವರಿಗೆ ಬೇಕಿದ್ದದ್ದು ಕಣ್ಣು ಮತ್ತು ತಾಳ್ಮೆ. ಯುಟೋಪಿಯನ್ ಅನ್ನುವ ಇನ್ನೊಂದು ಗುಂಪು ಮುಕ್ತ ತಂತ್ರಾಂಶದ ಕೆಲಸಗಳಿಗೆ ಪ್ರಶ್ನಾವಳಿ ಇಟ್ಟು ಅಂಕ ಕೊಡುತ್ತಿತ್ತು, ಅಂಕಕ್ಕೆ ತಕ್ಕ ವೋಟ್. ಯಾಕೆ ಇಷ್ಟು ಅಂಕ ಅಂತ ಬರೆದವರು ಕೇಳಬಹುದಿತ್ತು.

ಇಂಥ ಗುಂಪುಗಳಲ್ಲೂ ಪಕ್ಷಪಾತ ಇರುತ್ತದೆ. ಆದರೆ ಆ ಪಕ್ಷಪಾತಕ್ಕೆ ಒಂದು ಮುಖ ಇರುತ್ತದೆ. ಪ್ರಶ್ನೆ ಕೇಳಬಹುದು, ಉತ್ತರ ಕೊಡಬೇಕಾಗುತ್ತದೆ. ಬಾಟ್ ಹತ್ತಿರ ಏನು ಕೇಳುತ್ತೀರಿ?

ಈಗ ಭಾಷೆಯ ವಿಷಯ. ಕನ್ನಡದವರಾಗಿ ನಮಗೆ ಇದು ಮುಖ್ಯ. ಸ್ಟೀಮ್‌ನಲ್ಲಿ ಕೊರಿಯನ್ ಬರಹಗಳಿಗೆ ಒಳ್ಳೆಯ ದುಡ್ಡು ಸಿಗುತ್ತಿತ್ತು. ಯಾಕೆಂದರೆ ಕೊರಿಯಾದ ಹೂಡಿಕೆದಾರರು ಟೋಕನ್ ಕೊಂಡಿದ್ದರು, ಅವರೇ ಓದಿ ವೋಟ್ ಹಾಕುತ್ತಿದ್ದರು. ವೆನೆಜುವೆಲಾದವರ ಹತ್ತಿರ ಅಷ್ಟು ಹಣ ಇರಲಿಲ್ಲ. ಅವರ ದೇಶದ ನೋಟು ಬೆಲೆ ಕಳೆದುಕೊಂಡ ದಿನಗಳಲ್ಲಿ ವಾರಕ್ಕೆ ಕೆಲವು ಡಾಲರ್ ಸಿಕ್ಕರೂ ಮನೆಗೆ ಆಸರೆ. ಹಾಗಾಗಿ ಬಹಳ ಜನ ಬಂದರು, ಸ್ಪ್ಯಾನಿಷ್ ಓದಿ ಆರಿಸುವ ಗುಂಪುಗಳನ್ನು ಕಟ್ಟಿದರು, ದೊಡ್ಡ ಖಾತೆಗಳಿಂದ ತೂಕ ಸಾಲ ಪಡೆದರು. ಇವತ್ತೂ ಹೈವ್‌ನಲ್ಲಿ ಅವರ ದನಿ ಜೋರಾಗಿದೆ.

ಕನ್ನಡದಲ್ಲಿ ಬರೆದು ಹಾಕಿದರೆ? ತೂಕ ಇರುವವರಿಗೆ ಕನ್ನಡ ಬರುವುದಿಲ್ಲ. ಕನ್ನಡ ಬರುವವರ ಹತ್ತಿರ ತೂಕ ಇಲ್ಲ. ಅನುವಾದದ ಯಂತ್ರದಲ್ಲಿ ಹಾಕಿ ಓದಿ ವೋಟ್ ಹಾಕಿ ಅಂತ ಬೇಡಬೇಕಾಗುತ್ತದೆ. ಲೇಖಕರು ಇಷ್ಟವಿಲ್ಲದಿದ್ದರೂ ಇಂಗ್ಲಿಷಿಗೆ ಹೊರಳುತ್ತಾರೆ. ನನಗೆ ಬೇಸರ ಆಗುವುದು ಇದಕ್ಕೇ. ಯಾರದೂ ಕೆಟ್ಟ ಉದ್ದೇಶ ಇಲ್ಲದೆಯೂ ಒಂದು ಭಾಷೆ ಹೊರಗೆ ಉಳಿದುಬಿಡುತ್ತದೆ.

ನಿಮ್ಮಲ್ಲಿ ಯಾರಾದರೂ ಇಳಿಯುವುದಾದರೆ ತೆರಿಗೆ ಗೊತ್ತಿರಲಿ. 2022ರ ಏಪ್ರಿಲ್‌ನಿಂದ ಇಂಥ ಟೋಕನ್ ಮಾರಿದ ಲಾಭಕ್ಕೆ ನಮ್ಮಲ್ಲಿ 30 ಪ್ರತಿಶತ ತೆರಿಗೆ. ಒಂದರಲ್ಲಿ ಆದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. ಅದೇ ವರ್ಷ ಜುಲೈನಿಂದ ವ್ಯವಹಾರದ ಮೇಲೆ 1 ಪ್ರತಿಶತ ಟಿಡಿಎಸ್ ಕೂಡ. ಇದರಿಂದ ಬದುಕು ನಡೆಸುತ್ತೇನೆ ಅಂತ ಯಾರೂ ಕೆಲಸ ಬಿಡಬೇಡಿ.

ಆದರೂ ಒಂದು ಸಣ್ಣ ಕನ್ನಡ ಗುಂಪು ಮಾಡಬಹುದು ಅಂತ ನನಗೆ ಅನ್ನಿಸುತ್ತದೆ. ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇರುವ ಕನ್ನಡಿಗರಲ್ಲಿ ಟೋಕನ್ ಇಟ್ಟುಕೊಂಡವರು ಅದನ್ನು ಒಂದು ಗುಂಪಿನ ಖಾತೆಗೆ ಡೆಲಿಗೇಟ್ ಮಾಡಲಿ. ಟೋಕನ್ ಅವರದೇ ಆಗಿ ಉಳಿಯುತ್ತದೆ. ಬೇಡ ಅನ್ನಿಸಿದರೆ ಹಿಂತೆಗೆದುಕೊಂಡ ಐದು ದಿನಕ್ಕೆ ತೂಕ ವಾಪಸ್. ಗುಂಪಿನ ಖಾತೆಯಿಂದ ಬಿದ್ದ ವೋಟಿನ ಕ್ಯುರೇಶನ್ ಪಾಲು ಆ ಖಾತೆಗೇ ಬರುತ್ತದೆ, ಟೋಕನ್ ಕೊಟ್ಟವರಿಗಲ್ಲ. ಅದರಿಂದ ಓದುವ ಮೂರ್ನಾಲ್ಕು ಜನರಿಗೆ ಕೂಲಿ ಕೊಡಿ. ವಾರಕ್ಕೊಮ್ಮೆ, ಆರಿಸಿದ ಬರಹಗಳ ಪಟ್ಟಿಯನ್ನು ಯಾವುದನ್ನು ಯಾಕೆ ಆರಿಸಿದೆವು ಅನ್ನುವ ಎರಡು ಸಾಲಿನ ಜೊತೆ ಪ್ರಕಟಿಸಿ. ಹೈವ್‌ನಲ್ಲಿ ಬೆನಿಫಿಶಿಯರಿ ಅನ್ನುವ ಸೌಲಭ್ಯ ಇದೆ. ಒಂದು ಬರಹದ ದುಡ್ಡು ಯಾರು ಯಾರಿಗೆ ಎಷ್ಟು ಪ್ರತಿಶತ ಹೋಗಬೇಕು ಅಂತ ಪ್ರಕಟಿಸುವಾಗಲೇ ನಮೂದಿಸಬಹುದು, ಅದು ಎಲ್ಲರಿಗೂ ಕಾಣುತ್ತದೆ. ಆ ಪಟ್ಟಿಗೆ ಬಂದ ದುಡ್ಡನ್ನು ಆರಿಸಿದವರಿಗೂ, ಪಟ್ಟಿಯಲ್ಲಿರುವ ಲೇಖಕರಿಗೂ ಹಂಚಿ. ಓದುವವರು ತಮ್ಮ ಬರಹವನ್ನು ತಾವೇ ಆರಿಸುವಂತಿಲ್ಲ ಅನ್ನುವ ನಿಯಮವನ್ನು ಮೊದಲ ಪಟ್ಟಿಯಲ್ಲೇ ಬರೆದು ಹಾಕಿ.